ಕಡಿಮೆ ಬೆಲೆಯ ಚೀನಾ ಬೈಕ್ ದಾವಣಗೆರೆಯಲ್ಲಿ ತಗೊಂಡರೆ ಬಾಳಿಕೆ ಬರುತ್ತಾ?

ಬರುತ್ತೆ. ಆದರೆ ದುಡ್ಡು ಕೊಡುವ ಮೊದಲು ಷೋರೂಮಿನಲ್ಲಿ ಕೇಳಿ: ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಇಲ್ಲೇ ಸಿಗುತ್ತಾ? "ಬೆಂಗಳೂರಿಂದ ತರಿಸ್ತೀವಿ ಸಾರ್" ಅಂದರೆ ಒಂದೊಂದು ಸೆಟ್ ಮೊದಲೇ ತೆಗೆದಿಟ್ಟುಕೊಳ್ಳಿ.

ಮೊದಲ ಸಲ ಎಂಜಿನ್ ಆಯಿಲ್ ಬದಲಿಸುವ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ನಾನು 500 ಕಿ.ಮೀ.ಗೇ ಬದಲಿಸಿದೆ. ಬೋಗುಣಿಗೆ ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿ ಕಲಸಿದ ಹಾಗೆ ಮಿಣಮಿಣ! ಹೊಸದರಲ್ಲಿ ಗೇರು, ಪಿಸ್ಟನ್ ರಿಂಗು ಉಜ್ಜಿಕೊಂಡು ಸವೆದ ಲೋಹದ ಪುಡಿ ಅದು. ಯಾವ ಕಂಪನಿ ಬೈಕಾದರೂ ಇದ್ದದ್ದೇ. ಆ ಮೊದಲ ಆಯಿಲ್ ಬದಲಿಸುವವರೆಗೆ ಸುಮ್ನೆ ರೇಸ್ ಕೊಡಬೇಡಿ.

ನಟ್ಟು ಬೋಲ್ಟು ಆಗಾಗ ಬಿಗಿ ಮಾಡಿ. ಹರಿಹರಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ನಂಬರ್ ಪ್ಲೇಟು ಒಂದೇ ಬೋಲ್ಟಿನಲ್ಲಿ ನೇತಾಡುತ್ತಿತ್ತು! ಚೈನಿಗೂ 500 ಕಿ.ಮೀ.ಗೊಮ್ಮೆ ಲ್ಯೂಬ್ ಹಾಕಿ, ನಮ್ಮದು ಧೂಳಿನ ಊರು ಅಲ್ವಾ?