ದೊಡ್ಡವರಿಗೂ ಧರ್ಮೋಪದೇಶ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೊದಲ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರ ರೊಟ್ಟಿಯ ಸ್ವೀಕಾರ), ಆಮೇಲೆ ದೃಢೀಕರಣ (ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ). ಅಲ್ಲಿಗೆ ನಮ್ಮ ಕಥೋಲಿಕರಲ್ಲಿ ಹೆಚ್ಚಿನವರ ಧರ್ಮೋಪದೇಶ, ಅಂದರೆ ವಿಶ್ವಾಸದ ಪಾಠ, ನಿಂತುಹೋಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ ಉತ್ತರಗಳನ್ನೇ ನೆಚ್ಚಿಕೊಂಡು ಸಾಲ, ಕಾಯಿಲೆ, ಸಾವು, ಮಕ್ಕಳ ಮದುವೆ ಎಲ್ಲವನ್ನೂ ಎದುರಿಸುತ್ತೇವೆ. ಈ ಸಲದ ಪತ್ರಗಳೆಲ್ಲ ಈ ಕೊರತೆಯನ್ನೇ ಮುಟ್ಟುತ್ತವೆ.

ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ದೊಡ್ಡವರಿಗೆಂದು ತರಗತಿ ಶುರುಮಾಡಿದೆವು. ಭಾನುವಾರ ಪೂಜೆ ಮುಗಿದ ಮೇಲೆ ಒಂದೂವರೆ ಗಂಟೆ. ಮೊದಲ ವಾರ ಮೂವತ್ತು ಜನ ಬಂದರು, ಐದನೇ ವಾರ ಏಳೇ ಜನ. ನಿಲ್ಲಿಸಿಬಿಡೋಣವೇ?
– ಉಪದೇಶಿಯೊಬ್ಬರು, ಚಾಮರಾಜನಗರ ಜಿಲ್ಲೆ

ನಿಲ್ಲಿಸಬೇಡಿ. ಏಳು ಜನ ಕಡಿಮೆಯಲ್ಲ, ಒಂದು ಗುಂಪಿಗೆ ಸರಿಯಾದ ಅಳತೆ. ನಿಲ್ಲಿಸಬೇಕಾದ್ದು ಈಗಿನ ಕ್ರಮವನ್ನು.

ಮೊದಲು ಹೊತ್ತು ನೋಡಿ. ಪೂಜೆ ಮುಗಿಯುವಾಗ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ, ಮಕ್ಕಳು ಹಸಿದಿರುತ್ತಾರೆ, ವಾರವಿಡೀ ಕೂಲಿಗೆ ಹೋದವರಿಗೆ ಸಿಗುವ ಬಿಡುವು ಅದೊಂದೇ ದಿನ. ಆಗ ಒಂದೂವರೆ ಗಂಟೆ ಕೂರಿಸಿದರೆ ಎರಡನೇ ವಾರಕ್ಕೆ ಹೆಂಗಸರು ಬರುವುದಿಲ್ಲ, ಮೂರನೇ ವಾರಕ್ಕೆ ಗಂಡಸರೂ ಬರುವುದಿಲ್ಲ. ಕಿರು ಕ್ರೈಸ್ತ ಸಮುದಾಯಗಳು (ನೆರೆಹೊರೆಯ ಮನೆಗಳ ಪ್ರಾರ್ಥನಾ ಗುಂಪುಗಳು) ಸೇರುವ ಸಂಜೆಯಲ್ಲಿ, ಯಾರದಾದರೂ ಮನೆಯ ಜಗುಲಿಯಲ್ಲಿ ಇಟ್ಟುಕೊಳ್ಳಿ. ವರ್ಷಪೂರ್ತಿ ಎಂದು ಸಾರಬೇಡಿ, ಆರು ವಾರ ಎಂದು ಹೇಳಿ. ಮುಗಿಯುವ ದಿನ ಗೊತ್ತಿದ್ದರೆ ಜನ ಹಿಡಿದು ಕೂರುತ್ತಾರೆ. ರಾಗಿ ಕೊಯ್ಲಿನ ನವೆಂಬರ್, ಡಿಸೆಂಬರ್ ಬಿಟ್ಟುಬಿಡಿ. ಅದೇ ಹೊತ್ತಿಗೆ ಪಕ್ಕದಲ್ಲಿ ಯಾರಾದರೊಬ್ಬರು ಮಕ್ಕಳನ್ನು ನೋಡಿಕೊಂಡರೆ ತಾಯಂದಿರೂ ನಿಶ್ಚಿಂತೆಯಿಂದ ಕೂರಬಹುದು.

ಎರಡನೆಯದು ಕಲಿಸುವ ರೀತಿ. ಬೋರ್ಡು, ಹಾಜರಿ, ಸಾಲಾಗಿ ಬೆಂಚು ಎಂದರೆ ಅದು ಮತ್ತೆ ಶಾಲೆಯೇ. ಶಾಲೆಯಲ್ಲಿ ಹೊಡೆತ ತಿಂದವರು ನಲವತ್ತೈದನೇ ವಯಸ್ಸಿನಲ್ಲಿ ಇನ್ನೊಂದು ಶಾಲೆಗೆ ಬರುವುದಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ದುಂಡಗೆ ಕುಳಿತು, ಬರುವ ಭಾನುವಾರದ ಶುಭಸಂದೇಶದಿಂದ (ಯೇಸುವಿನ ಬದುಕು ಹೇಳುವ ಬೈಬಲ್ ಭಾಗ) ಶುರುಮಾಡಿ. ಎಪ್ಪತ್ತೈದು ನಿಮಿಷ ಸಾಕು. ಮೊದಲ ಹತ್ತು ನಿಮಿಷ ದೀಪ, ಒಂದು ಹಾಡು, ಕಳೆದ ವಾರ ಉಳಿದ ಪ್ರಶ್ನೆಗೆ ಉತ್ತರ. ಮುಂದಿನ ಹತ್ತರಲ್ಲಿ ವಾಚನವನ್ನು ಎರಡು ಸಲ, ಎರಡು ಬೇರೆ ದನಿಗಳಲ್ಲಿ ಓದಿಸಿ, ನಡುವೆ ಎರಡು ನಿಮಿಷ ಪೂರ್ತಿ ಮೌನ. ಆಮೇಲಿನ ಹತ್ತರಲ್ಲಿ ಒಬ್ಬೊಬ್ಬರೂ ಮನಸ್ಸಿಗೆ ತಾಕಿದ ಒಂದು ಮಾತನ್ನು ಮಾತ್ರ ಹೇಳಲಿ, ವಿವರಣೆ ಬೇಡ. ನಿಮ್ಮ ಮಾತು ಹದಿನೈದು ನಿಮಿಷ ಮೀರಬಾರದು, ಅದರಲ್ಲೂ ಒಂದೇ ವಿಷಯ. ಬಳಿಕ ಮೂರು ನಾಲ್ಕು ಜನರ ಗುಂಪಿನಲ್ಲಿ ಒಂದು ಪ್ರಶ್ನೆಯ ಮೇಲೆ ಇಪ್ಪತ್ತು ನಿಮಿಷ. ಕೊನೆಯ ಹತ್ತು ಪ್ರಾರ್ಥನೆಗೆ.

ಗೆಲ್ಲುವುದೂ ಸೋಲುವುದೂ ಆ ಒಂದು ಪ್ರಶ್ನೆಯಲ್ಲಿ. ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಪ್ರಸಂಗವನ್ನೇ ತೆಗೆದುಕೊಳ್ಳಿ (ಯೊವಾನ್ನ 4). 'ಈ ಭಾಗದ ನೀತಿ ಏನು?' ಎಂದು ಕೇಳಿದರೆ 'ದೇವರು ಎಲ್ಲರನ್ನೂ ಪ್ರೀತಿಸುತ್ತಾರೆ' ಎಂಬ ಸಿದ್ಧ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು, 'ಅವಳು ನಡುಮಧ್ಯಾಹ್ನ ಒಬ್ಬಳೇ ನೀರಿಗೆ ಬಂದಳಲ್ಲ, ನಮ್ಮೂರಲ್ಲಿ ಹೆಂಗಸರು ನೀರಿಗೆ ಹೋಗುವುದು ಯಾವಾಗ?' ಎಂದು ಕೇಳಿ. ಅವಳು ಊರಿನ ಕಣ್ಣು ತಪ್ಪಿಸಿ ಬಂದಿರಬಹುದೆಂದು ಹೆಂಗಸರೇ ಹೇಳುತ್ತಾರೆ. ಇಪ್ಪತ್ತೆಂಟನೆಯ ವಚನದಲ್ಲಿ ಅವಳು ಕೊಡವನ್ನು ಅಲ್ಲೇ ಬಿಟ್ಟು, ಅದೇ ಊರಿನ ಜನರ ಮುಂದೆ ಹೋಗಿ ನಿಲ್ಲುತ್ತಾಳೆ. ಅವಳಿಗೆ ಆ ಧೈರ್ಯ ಎಲ್ಲಿಂದ ಬಂತು? ಇಷ್ಟು ಕೇಳಿ ಸುಮ್ಮನಿರಿ. ಉತ್ತರ ಬರಲು ಅರ್ಧ ನಿಮಿಷವಾದರೆ ಕಾಯಿರಿ. ಆ ಮೌನಕ್ಕೆ ಹೆದರಿ ನಾವೇ ಉತ್ತರ ಹೇಳಿಬಿಡುವುದು ಉಪದೇಶಿಗಳು ಎಲ್ಲಕ್ಕಿಂತ ಹೆಚ್ಚು ಮಾಡುವ ತಪ್ಪು.

ಎಚ್ಚರ ಇನ್ನೂ ಕೆಲವು. ಓದಲು ಬಾರದವರು ಇರುತ್ತಾರೆ. 'ನೀವು ಓದಿ' ಎಂದು ಎದುರಿಗೇ ಪುಸ್ತಕ ಕೊಟ್ಟರೆ ಅವರು ಮತ್ತೆ ಬರುವುದಿಲ್ಲ. ಯಾರು ಓದಬೇಕೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಬಂದವರ ಮುಂದೆ ಬಾರದವರನ್ನು ಬೈಯಬೇಡಿ. ಗೊತ್ತಿಲ್ಲದ ಪ್ರಶ್ನೆಗೆ 'ಅದು ರಹಸ್ಯ' ಎಂದು ಜಾರಿಕೊಳ್ಳಬೇಡಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗುರುಗಳನ್ನು ಕೇಳಿ, ಮುಂದಿನ ವಾರ ಅದರಿಂದಲೇ ಆರಂಭಿಸಿ. ಬಿಟ್ಟುಹೋದ ಇಪ್ಪತ್ಮೂರು ಜನರ ಮನೆಗೂ ಒಮ್ಮೆ ಹೋಗಿ ಬನ್ನಿ. 'ಯಾಕೆ ಬರಲಿಲ್ಲ?' ಎನ್ನದೆ 'ಯಾವ ದಿನ ಅನುಕೂಲ?' ಎಂದು ಕೇಳಿ.

ನಾನು ಮದುವೆಯಾಗುವ ಹುಡುಗ ಹಿಂದೂ. ನನಗೋಸ್ಕರ ಜ್ಞಾನಸ್ನಾನ ಪಡೆಯಲು ಒಪ್ಪಿದ್ದಾನೆ. ಮದುವೆಗೆ ಇನ್ನೆರಡು ತಿಂಗಳಿದೆ. ಅಷ್ಟರಲ್ಲಿ ಮುಗಿಸಬಹುದೇ?
– ಓದುಗರೊಬ್ಬರು, ಮೈಸೂರು

'ನನಗೋಸ್ಕರ' ಎಂಬ ಮಾತಿನಲ್ಲೇ ಉತ್ತರವಿದೆ ತಂಗಿ. ಜ್ಞಾನಸ್ನಾನ ಕ್ರೈಸ್ತರಾಗುವ ಸಂಸ್ಕಾರ, ಮದುವೆಯ ಒಂದು ದಾಖಲೆಯಲ್ಲ. ವಯಸ್ಕರೊಬ್ಬರು ಅದನ್ನು ತಾವಾಗಿ ಬಯಸಿರಬೇಕು, ವಿಶ್ವಾಸದ ಸತ್ಯಗಳನ್ನು ತಿಳಿದಿರಬೇಕು, ಕ್ರೈಸ್ತ ಬದುಕನ್ನು ಸ್ವಲ್ಪ ಕಾಲ ಬಾಳಿ ನೋಡಿರಬೇಕು, ತಮ್ಮ ಪಾಪಗಳಿಗೆ ದುಃಖಪಡಬೇಕು. 1983ರ ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ 865ನೇ ನಿಯಮ ಹೇಳುವುದು ಇದನ್ನೇ. ಹದಿನಾಲ್ಕು ತುಂಬಿದವರ ಜ್ಞಾನಸ್ನಾನದ ವಿಷಯವನ್ನು ಗುರುಗಳು ಧರ್ಮಾಧ್ಯಕ್ಷರಿಗೂ (ಬಿಷಪ್) ತಿಳಿಸಬೇಕು. ಅವಸರಕ್ಕೆ ಇಲ್ಲಿ ಜಾಗವಿಲ್ಲ.

ಹಾಗೆಂದು ಮದುವೆ ನಿಲ್ಲಬೇಕಿಲ್ಲ. ಜ್ಞಾನಸ್ನಾನವಾಗದವರೊಂದಿಗೆ ಧರ್ಮಸಭೆಯಲ್ಲಿ ಮದುವೆಯಾಗಲು ಧರ್ಮಾಧ್ಯಕ್ಷರಿಂದ ವಿನಾಯಿತಿ ಬೇಕು. ನಿಮ್ಮ ಗುರುಗಳನ್ನು ಈ ವಾರವೇ ಕಾಣಿ, ಏಕೆಂದರೆ ಅರ್ಜಿ, ದೇವಾಲಯದಲ್ಲಿ ಮದುವೆಯ ಪ್ರಕಟಣೆ, ಮದುವೆಯ ಸಿದ್ಧತಾ ಶಿಬಿರ ಎಲ್ಲಕ್ಕೂ ದಿನ ಬೇಕು. ಮಾತು ಕೊಡಬೇಕಾದವರು ನೀವು, ಅವರಲ್ಲ: ನಿಮ್ಮ ವಿಶ್ವಾಸವನ್ನು ಬಿಡದೆ ಉಳಿಸಿಕೊಳ್ಳುತ್ತೇನೆ, ಮಕ್ಕಳಿಗೆಲ್ಲ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ನನ್ನಿಂದಾದದ್ದನ್ನೆಲ್ಲ ಮಾಡುತ್ತೇನೆ ಎಂದು. ನೀವು ಹೀಗೆ ಮಾತು ಕೊಟ್ಟಿದ್ದೀರೆಂಬುದು ಅವರಿಗೂ, ಅವರ ಮನೆಯವರಿಗೂ ಮದುವೆಗೆ ಮುಂಚೆಯೇ ತಿಳಿದಿರಲಿ. ಮೊದಲ ಮಗು ಹುಟ್ಟಿದ ಮೇಲೆ ಈ ವಿಷಯ ಬಾಯಿಗೆ ಬಂದರೆ ಎರಡು ಮನೆಗಳಿಗೂ ನೋವು.

ಅವರು ಮುಂದೆ ನಿಜವಾಗಿಯೂ ಬಯಸಿದರೆ ದಾರಿ ತೆರೆದೇ ಇದೆ. ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಧರ್ಮಾಧ್ಯಕ್ಷರೆಲ್ಲ ಸೇರಿದ ಸಭೆ) ಹಳೆಯ ದೀಕ್ಷಾರ್ಥಿ ಪದ್ಧತಿಯನ್ನು, ಅಂದರೆ ಜ್ಞಾನಸ್ನಾನಕ್ಕೆ ಹಂತಹಂತವಾಗಿ ಸಿದ್ಧಗೊಳಿಸುವ ಕ್ರಮವನ್ನು, ಮತ್ತೆ ತಂದಿತು, 1972ರಲ್ಲಿ ಅದರ ವಿಧಿಗ್ರಂಥ ಹೊರಬಂತು. ಮೊದಲು ಯಾವ ವಿಧಿಯೂ ಇಲ್ಲದ, ಬರೀ ಕೇಳುವ ಮತ್ತು ವಿಚಾರಿಸುವ ಕಾಲ. ನಂತರ ದೀಕ್ಷಾರ್ಥಿಯಾಗಿ ಸ್ವೀಕಾರ. ಇಲ್ಲಿಂದ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಗಳೂ ಆಗಬಹುದು. ತಪಸ್ಸು ಕಾಲದ (ಈಸ್ಟರಿಗೆ ಮುಂಚಿನ ಸಿದ್ಧತೆಯ ವಾರಗಳ) ಮೊದಲ ಭಾನುವಾರ ಆಯ್ಕೆಯ ವಿಧಿ, ಅಂದರೆ ಅವರನ್ನು ಜ್ಞಾನಸ್ನಾನಕ್ಕೆ ಆರಿಸಿಕೊಳ್ಳುವುದು. ಮೂರು, ನಾಲ್ಕು, ಐದನೇ ಭಾನುವಾರಗಳಲ್ಲಿ ಸಮಾರ್ಯದ ಹೆಂಗಸು, ಹುಟ್ಟುಕುರುಡ, ಲಾಜರ ಈ ಮೂರು ವಾಚನಗಳೊಂದಿಗೆ ಪರಿಶೋಧನಾ ವಿಧಿಗಳು (ಮನಸ್ಸನ್ನು ಶೋಧಿಸಿ ಶುದ್ಧಗೊಳಿಸುವ ಪ್ರಾರ್ಥನೆಗಳು). ಪಾಸ್ಖ ಜಾಗರಣೆಯ ರಾತ್ರಿ (ಈಸ್ಟರಿನ ಹಿಂದಿನ ರಾತ್ರಿ) ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ಹೊಸಬರ ಕೈಹಿಡಿದು ನಡೆಸಬೇಕಾದ ಆಮೇಲಿನ ಐವತ್ತು ದಿನಗಳನ್ನು ಬಹಳ ಧರ್ಮಕೇಂದ್ರಗಳು ಮರೆಯುತ್ತವೆ. ಹೊಸಬರು ಒಂಟಿಯಾಗುವುದು ಆಗಲೇ, ಬಿಟ್ಟುಹೋಗುವುದೂ ಆಗಲೇ. ದೀಕ್ಷಾರ್ಥಿಯಾಗಿರುವಾಗಲೇ ತೀರಿಕೊಂಡವರಿಗೂ ಧರ್ಮಸಭೆಯ ಅಂತ್ಯಸಂಸ್ಕಾರದ ಹಕ್ಕಿದೆ. ಧರ್ಮಸಭೆ ಅವರನ್ನು ಆಗಲೇ ತನ್ನವರೆಂದು ಎಣಿಸುತ್ತದೆ.

ಜ್ಞಾನಸ್ನಾನದಲ್ಲಿ ಜೊತೆ ನಿಲ್ಲುವ ಜ್ಞಾನಪೋಷಕರು ಹದಿನಾರು ತುಂಬಿದ, ದೃಢೀಕರಣ ಪಡೆದ, ಪೂಜೆಗೆ ಬರುವ ಕಥೋಲಿಕರಾಗಿರಬೇಕು. ನೀವೇ ಆಗಬೇಡಿ ಎಂಬುದು ನಮ್ಮ ಸಲಹೆ. ಹೆಂಡತಿಯ ಮುಂದೆ ಹೇಳಲಾಗದ ಸಂದೇಹಗಳನ್ನು ಹೇಳಿಕೊಳ್ಳಲು ಅವರಿಗೆ ಬೇರೊಬ್ಬರು ಬೇಕು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯಿಂದ ಬರುವವರಿಗೆ ಮತ್ತೆ ಜ್ಞಾನಸ್ನಾನ ಕೊಡಬೇಕೇ?
– ಓದುಗರೊಬ್ಬರು, ಹಾಸನ

ಇಲ್ಲ. ನೀರಿನಿಂದ, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ ಆದ ಜ್ಞಾನಸ್ನಾನ ಒಂದೇ ಸಲ. ಅದರ ಪ್ರಮಾಣಪತ್ರ ತರಿಸಿ. ಸಿದ್ಧತೆಯ ನಂತರ ವಿಶ್ವಾಸ ಪ್ರಮಾಣ (ತಮ್ಮ ವಿಶ್ವಾಸವನ್ನು ಎಲ್ಲರೆದುರು ಹೇಳುವುದು), ದೃಢೀಕರಣ, ಪರಮಪ್ರಸಾದ. ಅವರನ್ನು ದೀಕ್ಷಾರ್ಥಿ ಎಂದು ಕರೆಯುವುದೂ ತಪ್ಪು.

ಕಥೋಲಿಕ ಧರ್ಮೋಪದೇಶದ ದೊಡ್ಡ ಗ್ರಂಥ ಕೊಂಡೆ, ಹತ್ತು ಪುಟ ದಾಟಲಾಗಲಿಲ್ಲ. ಹೇಗೆ ಓದಬೇಕು?
– ನಿವೃತ್ತ ಶಿಕ್ಷಕರು, ಬೆಂಗಳೂರು

ಮೊದಲ ಪುಟದಿಂದ ಓದಬೇಡಿ ಸರ್. 1992ರ ಈ ಗ್ರಂಥದಲ್ಲಿ 2865 ಪರಿಚ್ಛೇದಗಳು, ನಾಲ್ಕು ಭಾಗಗಳು: ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ಕ್ರಿಸ್ತರಲ್ಲಿ ಬಾಳು, ಪ್ರಾರ್ಥನೆ. ಕೊನೆಯಿಂದ ಹಿಡಿಯಿರಿ. 2759ರಿಂದ ಕೊನೆಯವರೆಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯ ವಿವರಣೆ. ದಿನಕ್ಕೆ ಐದು ಪರಿಚ್ಛೇದದಂತೆ ಮೂರು ವಾರದ ಓದು. ನೀವು ದಿನವೂ ಹೇಳುವ ಪ್ರಾರ್ಥನೆಯೇ ಆದ್ದರಿಂದ ಅಪರಿಚಿತ ಎನಿಸುವುದಿಲ್ಲ. ಅಡಿಟಿಪ್ಪಣಿಯಲ್ಲಿರುವ ಶ್ರೀಗ್ರಂಥದ ವಚನಗಳಲ್ಲಿ ದಿನಕ್ಕೊಂದನ್ನಾದರೂ ತೆಗೆದು ಓದಿ. ಗ್ರಂಥ ಭಾರವೆನಿಸುವುದು ಅವನ್ನು ಬಿಟ್ಟಾಗ. ಚುಟುಕಾಗಿ ಬೇಕಿದ್ದರೆ 2005ರ ಸಂಗ್ರಹರೂಪ 598 ಪ್ರಶ್ನೋತ್ತರಗಳಲ್ಲಿದೆ.

ಇಪ್ಪತ್ತು ವರ್ಷದಿಂದ ಪಾಪನಿವೇದನೆ ಮಾಡಿಲ್ಲ. ಪ್ರಾರ್ಥನೆಯೂ ಮರೆತಿದೆ, ನಾಚಿಕೆಯಾಗುತ್ತದೆ.
– ಹೆಸರು ಬೇಡ

ಹಬ್ಬದ ಹಿಂದಿನ ದಿನದ ಸಾಲಿನಲ್ಲಿ ನಿಲ್ಲಬೇಡಿ. ವಾರದ ದಿನ ಗುರುಗಳನ್ನು ಕೇಳಿ ಅರ್ಧ ಗಂಟೆ ಗೊತ್ತುಮಾಡಿಕೊಳ್ಳಿ. ಪರಿಚಿತರ ಬಳಿ ಕಷ್ಟವೆನಿಸಿದರೆ ಬೇರೆ ಧರ್ಮಕೇಂದ್ರಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ಹಿಂದಿನ ರಾತ್ರಿ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿಕೊಂಡು ನೆನಪಾದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಒಳಗೆ ಹೋದ ಕೂಡಲೇ 'ಇಪ್ಪತ್ತು ವರ್ಷವಾಯಿತು, ಹೇಗೆಂದು ಮರೆತಿದೆ, ಸಹಾಯ ಮಾಡಿ' ಎನ್ನಿ. ಉಳಿದದ್ದನ್ನು ಅವರು ನಡೆಸಿಕೊಡುತ್ತಾರೆ. ಗಂಭೀರ ಪಾಪಗಳನ್ನು ಯಾವುದು, ಸುಮಾರು ಎಷ್ಟು ಸಲ ಎಂದು ಹೇಳಿದರೆ ಸಾಕು, ಕಥೆಯಾಗಿ ಬಿಡಿಸಬೇಕಿಲ್ಲ. ಪ್ರಾಮಾಣಿಕವಾಗಿ ಮರೆತದ್ದಕ್ಕೂ ಕ್ಷಮೆಯಿದೆ. ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಸಂಸ್ಕಾರವೇ ಕೆಡುತ್ತದೆ. ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ; ಆ ಗುಟ್ಟನ್ನು ನೇರವಾಗಿ ಮುರಿದವರು ಆ ಕ್ಷಣಕ್ಕೇ ಧರ್ಮಸಭೆಯಿಂದ ಬಹಿಷ್ಕೃತರು. ಪಶ್ಚಾತ್ತಾಪದ ಪ್ರಾರ್ಥನೆ ಬಾರದಿದ್ದರೆ ನಿಮ್ಮದೇ ಮಾತಿನಲ್ಲಿ ಹೇಳಿ. ಕೊಟ್ಟ ಪ್ರಾಯಶ್ಚಿತ್ತವನ್ನು ದೇವಾಲಯದಿಂದ ಹೊರಡುವ ಮುಂಚೆಯೇ ಮುಗಿಸಿ, ಚೀಟಿಯನ್ನು ಹರಿದುಹಾಕಿ.