ಐನ್‌ಮನೆಯ ಮೇಲೆ ದಾಳಿ ಯಾಕೆ?

ವಸಾಹತು ಕಟ್ಟಿ ಕಾಯುವ ಕಂಪ್ಯೂಟರ್ ಆಟ ರಿಮ್‌ವರ್ಲ್ಡ್ ಬಗ್ಗೆ ಕೊಡಗಿನಿಂದ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಶಾಂತವಾಗಿ ಊರು ಕಟ್ಟಿಕೊಂಡಿರಲು ಈ ಆಟ ಯಾಕೆ ಬಿಡುವುದಿಲ್ಲ? ಬಿಡುತ್ತದೆ. ಆ ಪ್ರಶ್ನೆಗೆ ಈ ಸಲ ವಿವರವಾಗಿ ಉತ್ತರಿಸಿದ್ದೇನೆ. ಮೇಜಿಲ್ಲದೆ ಊಟಕ್ಕೆ ಕೂರಿಸಿದರೆ ಜನ ಮುನಿಸಿಕೊಳ್ಳುತ್ತಾರೆ ಎಂಬಂಥ ಮೊದಲ ಪಾಠಗಳು ಇಲ್ಲಿಲ್ಲ. ಒಂದು ವಾರ ಆಡಿದವರಿಗೆ ಅವು ಗೊತ್ತಿರುತ್ತವೆ.

ನಮ್ಮ ಒಕ್ಕದ (ಮನೆತನದ) ಐನ್‌ಮನೆಯ, ಅಂದರೆ ಹಿರಿಯರ ಮೂಲಮನೆಯ, ಮಾದರಿಯಲ್ಲಿ ವಸಾಹತು ಕಟ್ಟಿದ್ದೇನೆ. ನೆಲಕ್ಕೆಲ್ಲ ಅಮೃತಶಿಲೆ, ನೆಲ್ಲಕ್ಕಿಯಲ್ಲಿ (ನಡುಮನೆಯಲ್ಲಿ) ಚಿನ್ನದ ಮೂರ್ತಿಗಳು, ಪತ್ತಾಯದ ತುಂಬ ಅಕ್ಕಿ. ಆಟದ ಕಷ್ಟದ ಮಟ್ಟ ‘ಕಮ್ಯುನಿಟಿ ಬಿಲ್ಡರ್’. ಯಾರ ತಂಟೆಗೂ ಹೋಗುವುದಿಲ್ಲ. ಆದರೂ ಮೂರನೇ ವರ್ಷದ ಹೊತ್ತಿಗೆ ದಾಳಿಕೋರರು ಬಂದು ಮನೆಗೆ ಬೆಂಕಿ ಇಡುತ್ತಾರೆ. ಕಿಲ್‌ಬಾಕ್ಸ್ ಕಟ್ಟಲೇಬೇಕೇ? — ವಿರಾಜಪೇಟೆಯ ಓದುಗರು

ಕಟ್ಟಬೇಡಿ. ಶತ್ರುವನ್ನು ಇಕ್ಕಟ್ಟಿನ ದಾರಿಗೆ ಎಳೆದು ಕೊಲ್ಲುವ ಆ ಕೋಟೆಗೂ ಐನ್‌ಮನೆಗೂ ಯಾವ ಸಂಬಂಧವೂ ಇಲ್ಲ. ನಿಮ್ಮ ಕಷ್ಟದ ಕಾರಣ ನಿಮ್ಮ ಪತ್ರದಲ್ಲೇ ಇದೆ: ಅಮೃತಶಿಲೆ, ಚಿನ್ನ, ತುಂಬಿದ ಪತ್ತಾಯ.

ನೀವು ಯಾರ ತಂಟೆಗೆ ಹೋದಿರಿ ಎಂದು ಆಟ ನೋಡುವುದಿಲ್ಲ. ನಿಮ್ಮ ಆಸ್ತಿಯ ಬೆಲೆಯನ್ನು ಬೆಳ್ಳಿಯಲ್ಲಿ ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಬಲದ ದಾಳಿಯನ್ನು ಕಳಿಸುತ್ತದೆ. ಸರಕಿಗೆ ಪೂರ್ತಿ ಬೆಲೆ, ಕಟ್ಟಡಕ್ಕೆ ಅರ್ಧ ಬೆಲೆ. ಒಟ್ಟು 14,000 ದಾಟುವವರೆಗೆ ಆಸ್ತಿಯ ಬಾಬ್ತಿನಲ್ಲಿ ದಾಳಿಯ ಬಲಕ್ಕೆ ಒಂದು ಅಂಕವೂ ಸೇರುವುದಿಲ್ಲ. ಅಲ್ಲಿಂದ ಮುಂದೆ ಏರುತ್ತಲೇ ಹೋಗುತ್ತದೆ. ಜನ ಹೆಚ್ಚಿದಂತೆ ಅದರ ಪಾಲು ಬೇರೆ. ‘ಕಮ್ಯುನಿಟಿ ಬಿಲ್ಡರ್’ ಮಟ್ಟದಲ್ಲಿ ಈ ಬಲ ಮಾಮೂಲಿನ ಶೇ 30ಕ್ಕೆ ಇಳಿಯುತ್ತದೆ, ನಿಜ. ಆದರೆ ಬಂದೂಕು ಹಿಡಿದು ಗೊತ್ತಿಲ್ಲದ ಊರಿಗೆ ಅಷ್ಟೇ ಸಾಕು.

ನಿಮ್ಮ ಪತ್ತಾಯವನ್ನೇ ನೋಡಿ. ಆಟದಲ್ಲಿ ಒಂದು ಅಕ್ಕಿಯ ಬೆಲೆ 1.1 ಬೆಳ್ಳಿ. ಹತ್ತು ಸಾವಿರ ಕೂಡಿಟ್ಟರೆ 11,000 ಬೆಳ್ಳಿ. ಮನೆಯಲ್ಲಿ ಬೇರೇನೂ ಇಲ್ಲದಿದ್ದರೂ ಮಿತಿಯ ಹತ್ತಿರ ಬಂದುಬಿಟ್ಟಿರಿ. ಚಿನ್ನ ಬೆಳ್ಳಿಯ ಹತ್ತು ಪಟ್ಟು ಬೆಲೆಯದು. ಕಲಾವಿದನ ಕೈ ಚೆನ್ನಾಗಿದ್ದು ಮೂರ್ತಿಯ ಗುಣಮಟ್ಟ ಏರಿದರೆ ಅದರ ಬೆಲೆಯೂ ಏರುತ್ತದೆ.

ಒಂದು ವರ್ಷದ ಊಟಕ್ಕೆ ಬೇಕಾದಷ್ಟು ಅಕ್ಕಿ ಇಟ್ಟುಕೊಳ್ಳಿ. ಉಳಿದದ್ದನ್ನು ನೆರೆಯ ಊರುಗಳಿಗೆ ಕಾರವಾನ್ ಕಟ್ಟಿ ಉಡುಗೊರೆಯಾಗಿ ಕಳಿಸಿ. ಮಾರಬೇಡಿ, ಮಾರಿದರೆ ಬೆಳ್ಳಿ ಮನೆಗೇ ಬರುತ್ತದೆ. ಉಡುಗೊರೆಯಿಂದ ಸ್ನೇಹ 75 ಅಂಕ ತಲುಪಿದರೆ ಆ ಊರಿನವರು ಮಿತ್ರರಾಗುತ್ತಾರೆ, ಕಷ್ಟಕ್ಕೆ ಕರೆದರೆ ಬರುತ್ತಾರೆ. ಕಡಲ್ಗಳ್ಳರಂಥ ಕೆಲವು ಪಂಗಡದವರು ಮಾತ್ರ ಯಾವ ಉಡುಗೊರೆಗೂ ಬಗ್ಗುವುದಿಲ್ಲ. ಅವರು ಬೇಡವೆಂದರೆ ಹೊಸ ಲೋಕ ಸೃಷ್ಟಿಸುವಾಗಲೇ ಪಂಗಡಗಳ ಪಟ್ಟಿಯಿಂದ ತೆಗೆದುಹಾಕಿ. ಅದು ಮೋಸವಲ್ಲ, ಆಟವೇ ಕೊಟ್ಟಿರುವ ಸೌಕರ್ಯ.

ಇನ್ನು ಮನೆ. ಅಮೃತಶಿಲೆ ಹಾಸಿದ್ದನ್ನು ಐನ್‌ಮನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಅದು ರೆಸಾರ್ಟಿನ ನೆಲ. ಐನ್‌ಮನೆಯ ಗತ್ತು ಇರುವುದು ಕೆತ್ತಿದ ಮರದ ಕಂಬಗಳಲ್ಲಿ, ಕೈಯಾಲೆಯ (ಮುಂದಿನ ಜಗಲಿಯ) ಅಗಲದಲ್ಲಿ, ಗದ್ದೆಯ ಕಡೆಗೆ ಮುಖ ಮಾಡಿ ನಿಂತ ಅದರ ನಿಲುವಿನಲ್ಲಿ. ಮರ ಆಟದಲ್ಲಿ ಅಗ್ಗ. ಹಳೆಯ ಮನೆಯನ್ನು ಇದ್ದಂತೆಯೇ ಕಟ್ಟಿದರೆ ಆಸ್ತಿಯ ಲೆಕ್ಕವೂ ತಾನಾಗಿಯೇ ಹದದಲ್ಲಿರುತ್ತದೆ.

ಕಟ್ಟುವಾಗ ಎಲ್ಲರೂ ಎಡವುವ ಜಾಗ ನಡುವಿನ ಅಂಗಳ. ನಾಲ್ಕು ಕಡೆ ಗೋಡೆ ಮುಚ್ಚಿದ ತಕ್ಷಣ ಜನ ಅದಕ್ಕೂ ಸೂರು ಹಾಕಿಬಿಡುತ್ತಾರೆ. ಅಂಗಳದ ಚೌಕಗಳನ್ನು ಮೊದಲೇ ‘ಸೂರು ಬೇಡ’ ಎಂದು ಗುರುತು ಮಾಡಿ. ಸುತ್ತಲಿನ ಕೋಣೆಗಳನ್ನು ಅಂಗಳಕ್ಕೆ ತೆರೆದು ಬಿಡಬೇಡಿ, ಗೋಡೆ ಬಾಗಿಲು ಇಡಿ. ಇಲ್ಲದಿದ್ದರೆ ಎಲ್ಲವೂ ಒಂದೇ ಕೋಣೆಯಾಗಿ ಚಳಿಗಾಲದಲ್ಲಿ ಮನೆಯಿಡೀ ಹೊರಗಿನಷ್ಟೇ ತಣ್ಣಗಾಗುತ್ತದೆ. ಕೈಯಾಲೆಯ ಸೂರು ಆಧಾರದಿಂದ ಆರು ಚೌಕದಾಚೆಗೆ ನಿಲ್ಲುವುದಿಲ್ಲ. ಕಂಬಗಳನ್ನು ಆ ಅಳತೆಯೊಳಗೇ ನೆಡಿ, ಅಂದಕ್ಕೂ ಆಯಿತು.

ಮರದ ಮನೆಗೆ ನಿಜವಾದ ಶತ್ರು ಬೆಂಕಿ. ನಮ್ಮ ಹಿರಿಯರ ಓಣಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಬದಿ ಕಲ್ಲಿನ ಗೋಡೆ, ನಡುವೆ ಕಲ್ಲು ಹಾಸಿದ ದಾರಿ ಮಾಡಿದರೆ ಆ ಕಡೆಯಿಂದ ಹುಲ್ಲಿನ ಬೆಂಕಿ ಮನೆಯತ್ತ ಹರಿದು ಬರುವುದಿಲ್ಲ. ಉಳಿದ ಮೂರು ದಿಕ್ಕಿಗೂ ಕಲ್ಲಿನ ಕಣ ಹಾಸಿ. ಬೆಂಕಿ ಆರಿಸಲು ಜನ ಓಡುವುದು ‘ಹೋಮ್ ಏರಿಯಾ’ ಎಂದು ಗುರುತಿಸಿದ ಜಾಗದೊಳಗೆ ಮಾತ್ರ ಎಂಬುದು ನೆನಪಿರಲಿ. ಕೈಮಡ (ಹಿರಿಯರ ಗುಡಿ) ಅದರೊಳಗೆ ಇದೆಯೇ ಎಂದು ಇವತ್ತೇ ನೋಡಿ. ಬಹಳ ಜನ ಅದನ್ನು ಮರೆತಿರುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಸಣ್ಣ ದಾಳಿ ಬರಬಹುದು. ಅದೂ ಬೇಡವೆನ್ನುವವರಿಗೆ ‘ಪೀಸ್‌ಫುಲ್’ ಮಟ್ಟ ಇದೆ. ನಾನು ‘ಕಮ್ಯುನಿಟಿ ಬಿಲ್ಡರ್’ ಬಿಟ್ಟು ಕದಲುವುದಿಲ್ಲ. ಕಾಯಬೇಕಾದ ಭಯ ಸ್ವಲ್ಪವಾದರೂ ಇದ್ದರೆ ಮನೆಯ ಒಂದೊಂದು ಕೋಣೆಗೂ ಅರ್ಥ ಬರುತ್ತದೆ.

ಕೊಡಗಿನ ಊರಿನಲ್ಲಿ ಬಂದೂಕು ಇಲ್ಲದಿದ್ದರೆ ಹೇಗೆ? ಶಾಂತಿಯ ಊರಿನಲ್ಲಿ ಇದ್ದರೆ ಹೇಗೆ? — ಗೋಣಿಕೊಪ್ಪಲು

ಮನೆಗೆರಡು ಕೋವಿ ಇರಲಿ. ಕೈಲ್ ಮುಹೂರ್ತಕ್ಕೆ ಹೂವಿಟ್ಟು ಪೂಜಿಸುವ ಕೋವಿ ಯಾರ ಶಾಂತಿಯನ್ನೂ ಕೆಡಿಸಿಲ್ಲ. ಸತ್ತ ದಾಳಿಕೋರರ ಆಯುಧಗಳನ್ನು ಮಾತ್ರ ಉಗ್ರಾಣದಲ್ಲಿ ರಾಶಿ ಹಾಕಬೇಡಿ, ಅದೂ ಆಸ್ತಿಯೇ. ‘ಐಡಿಯಾಲಜಿ’ ವಿಸ್ತರಣೆ ಇದ್ದರೆ ಹಬ್ಬಕ್ಕೆ ಹೆಸರು, ದಿನ ಎರಡನ್ನೂ ನೀವೇ ಗೊತ್ತು ಮಾಡಬಹುದು. ಆಟದ ವರ್ಷಕ್ಕೆ 15 ದಿನಗಳ ನಾಲ್ಕು ಭಾಗ. ಸುಗ್ಗಿಯ ಹಬ್ಬ ಹುತ್ತರಿಯನ್ನು ಮೂರನೆಯ ಭಾಗವಾದ ‘ಸೆಪ್ಟೋಬರ್’ ಕೊನೆಗೆ ಇಡಿ, ಆ ಹೊತ್ತಿಗೆ ಕೊಯ್ಲಿಗೆ ಬರುವಂತೆ ಭತ್ತ ಬಿತ್ತಿ.

ಫೀಬಿಯನ್ನು ಆರಿಸಿದರೆ ದಾಳಿ ಸಣ್ಣದಾಗುತ್ತದಂತೆ? — ಕುಶಾಲನಗರ

ಇಲ್ಲ. ಆಟದ ಘಟನೆಗಳನ್ನು ನಡೆಸುವ ಕಥೆಗಾರರಲ್ಲಿ ಒಬ್ಬಳಾದ ಫೀಬಿ ಚಿಲ್ಯಾಕ್ಸ್ ದಾಳಿಗಳ ನಡುವಿನ ಬಿಡುವನ್ನು ಹೆಚ್ಚಿಸುತ್ತಾಳೆ, ಬಲವನ್ನು ತಗ್ಗಿಸುವುದಿಲ್ಲ.

ದಾಳಿಯೇ ಬಾರದ ‘ಸೇವ್ ಫೈಲ್’ ಒಂದನ್ನು ಹಣಕ್ಕೆ ಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. — ಸೋಮವಾರಪೇಟೆ

ಒಂದು ಪೈಸೆಯನ್ನೂ ಕೊಡಬೇಡಿ. ಮೆನುವಿನಲ್ಲಿ ಎರಡು ಸಲ ಒತ್ತಿದರೆ ಸಿಗುವುದನ್ನು ಇವರು ಹುಡುಗರಿಗೆ ಮಾರುತ್ತಿದ್ದಾರೆ. ಗುರುತಿಲ್ಲದವರು ಕೊಟ್ಟ ಮಾಡ್‌ಗಳ (ಆಟವನ್ನು ಬದಲಿಸುವ ಹೊರಗಿನ ಸೇರ್ಪಡೆಗಳ) ಕಂತೆಯನ್ನು ಕಂಪ್ಯೂಟರಿಗೆ ಹಾಕುವುದು ಇನ್ನೂ ಅಪಾಯ.

ಉಷ್ಣವಲಯದ ಮಳೆಕಾಡನ್ನು ಆರಿಸಿದರೆ ನಮ್ಮೂರಿನಂತೆ ಇರುತ್ತದೆಯೇ? — ನಾಪೋಕ್ಲು

ನೋಟಕ್ಕೆ ಹತ್ತಿರ. ವರ್ಷವಿಡೀ ಬೆಳೆ ಬರುತ್ತದೆ, ಆದರೆ ಮಲೇರಿಯಾ, ನಿದ್ರಾರೋಗ ಬೆನ್ನು ಬಿಡುವುದಿಲ್ಲ. ಒಳ್ಳೆಯ ವೈದ್ಯ ಇಲ್ಲದೆ ಅಲ್ಲಿ ಕಾಲಿಡಬೇಡಿ. ಮೊದಲ ಊರಿಗೆ ಸಮಶೀತೋಷ್ಣ ಕಾಡಿನ ಗುಡ್ಡವೇ ಸಾಕು. ಅಲ್ಲಿ ಒಂದು ಮೂಲೆಯ ಮರಗಳನ್ನು ಕಡಿಯದೆ ಬಿಡಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿರುವಾಗ ನಿಮ್ಮ ಊರಿಗೆ ಒಂದಾದರೂ ಬೇಡವೇ?

ಕಾಫಿ ತೋಟ?

ಮೂಲ ಆಟದಲ್ಲಿ ಕಾಫಿ ಗಿಡ ಇಲ್ಲ. ಮಾಡ್ ಬೇಕು.

ಮಳೆಗಾಲದಲ್ಲಿ ಕರೆಂಟು ಹೋಗಿ ಆಟವೇ ಕಳೆದುಹೋಯಿತು. — ಭಾಗಮಂಡಲ

ಮಾಮೂಲಿ ವೇಗದಲ್ಲಿ ಆಟದ ಒಂದು ದಿನಕ್ಕೆ ಸುಮಾರು 17 ನಿಮಿಷ. ತಾನಾಗಿ ಉಳಿಸುವ ಅವಧಿಯನ್ನು ಒಂದು ದಿನಕ್ಕೆ ಇಡಿ, ಹೋದರೂ ಅಷ್ಟೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯುಪಿಎಸ್ ಇಲ್ಲದೆ ಆಡಬೇಡಿ. ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತುಬಿಡಿ.