ಶಾಲು ಹೊದಿಸುವ ಮೊದಲು

ಓದುಗರ ಪತ್ರ: ನಮ್ಮೂರು ಕೊಟ್ಟಿಗೆಹಾರದ ಹತ್ತಿರ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ನಮ್ಮ ಕಾರು ಸಿಕ್ಕಿಹಾಕಿಕೊಂಡಿತು. ಜೊತೆಯಲ್ಲಿ ವಯಸ್ಸಾದ ಅಮ್ಮ ಇದ್ದರು. ಇಬ್ಬರು ಪೊಲೀಸರು ಮಳೆಯಲ್ಲೇ ಬಂದು, ಮರ ತೆಗೆಸಿ, ನಮ್ಮನ್ನು ಮೇಲಿನವರೆಗೂ ತಲುಪಿಸಿದರು. ಊರಿನವರೆಲ್ಲ ಸೇರಿ ಅವರಿಗೆ ಸನ್ಮಾನ ಮಾಡಬೇಕೆಂದಿದ್ದೇವೆ. ಪೊಲೀಸರ ಮೇಲಿನ ದೂರುಗಳನ್ನೇ ಹಾಕುವ ನಿಮ್ಮ ಪತ್ರಿಕೆಯಲ್ಲಿ ಇದಕ್ಕೂ ಜಾಗ ಇದೆಯೇ? (ಮೂಡಿಗೆರೆ ತಾಲ್ಲೂಕಿನ ಓದುಗರು)

ಸಂಪಾದಕರ ಉತ್ತರ:

ನಮಸ್ಕಾರ. ಜಾಗ ಖಂಡಿತ ಇದೆ. ನಿಮ್ಮ ಅಮ್ಮ ಕ್ಷೇಮವಾಗಿ ಮನೆ ಸೇರಿದ್ದು ಓದಿ ಸಮಾಧಾನವಾಯಿತು. ಹಾಗಂತ ದೂರುಗಳನ್ನು ಹಾಕುವುದನ್ನು ನಿಲ್ಲಿಸುವುದಿಲ್ಲ. ಠಾಣೆಗೆ ಹೋದ ಬಡವರನ್ನು ಬಾಗಿಲಲ್ಲೇ ಗದರಿಸಿ ಕಳಿಸಿದರೆ ಅದನ್ನು ಬರೆಯಲೇಬೇಕು. ಬರೆಯದಿದ್ದರೆ ಮಳೆಯಲ್ಲಿ ನಿಮ್ಮ ಬಳಿ ಬಂದ ಆ ಇಬ್ಬರಿಗೂ ಅನ್ಯಾಯ. ಸರಿಯಾಗಿ ಕೆಲಸ ಮಾಡುವವರಿಗೂ ಮಾಡದವರಿಗೂ ಒಂದೇ ಬೆಲೆ ಅಂತಾಗುತ್ತದೆ, ಅಲ್ವಾ?

ಚಾರ್ಮಾಡಿಯ ಕೆಲಸ ಎಷ್ಟು ಕಷ್ಟದ್ದು ಅಂತ ನಿಮಗೇ ಗೊತ್ತು. 2019ರ ಆಗಸ್ಟ್‌ನಲ್ಲಿ ಘಾಟಿಯ ಹಲವು ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಜೋರು ಮಳೆ ಹಿಡಿದಾಗ ಗಾಡಿ ತಡೆದು ‘ಈಗ ಇಳಿಯಬೇಡಿ’ ಅನ್ನುವವರು ಚೆಕ್‌ಪೋಸ್ಟಿನ ಕಾನ್‌ಸ್ಟೆಬಲ್ ಮತ್ತು ಅವರ ಪಕ್ಕ ನಿಂತ ಗೃಹರಕ್ಷಕ. ಧರ್ಮಸ್ಥಳಕ್ಕೆ ಹೊರಟವರು, ಮಂಗಳೂರಿನ ಆಸ್ಪತ್ರೆಗೆ ಹೊರಟವರು, ಸುಮ್ನೆ ಮಂಜು ನೋಡಲು ಬಂದವರು, ಎಲ್ಲರ ಸಿಟ್ಟೂ ಅವರ ಮೇಲೆಯೇ. ನಿಮ್ಮ ಸನ್ಮಾನದ ಪಟ್ಟಿಯಲ್ಲಿ ಗೃಹರಕ್ಷಕರ ಹೆಸರನ್ನು ದಯವಿಟ್ಟು ಮರೆಯಬೇಡಿ. ಅವರಿಗೆ ಸಿಗುವುದು ಕೆಲಸ ಮಾಡಿದ ದಿನದ ಭತ್ಯೆ ಮಾತ್ರ.

ಪಕ್ಕದ ಹಾಸನದಲ್ಲೂ ಇದನ್ನೇ ಕಂಡಿದ್ದೇನೆ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ಕೆಲವೇ ದಿನ. ಲಕ್ಷಗಟ್ಟಲೆ ಜನ ಬರುತ್ತಾರೆ. ನಾವೆಲ್ಲ ಅಮ್ಮನ ಕಡೆ ಮುಖ ಮಾಡಿ ನಿಂತಿರುತ್ತೇವೆ. ಪೊಲೀಸರು ಅಮ್ಮನಿಗೆ ಬೆನ್ನು ಹಾಕಿ ನಮ್ಮನ್ನು ನೋಡುತ್ತಾ ನಿಂತಿರುತ್ತಾರೆ. ಯಾರಿಗೆ ಉಸಿರು ಕಟ್ಟುತ್ತಿದೆ, ಯಾವ ಮಗು ಕೈ ಬಿಟ್ಟು ಹೋಯಿತು, ಬ್ಯಾರಿಕೇಡ್ ಎಲ್ಲಿ ವಾಲುತ್ತಿದೆ, ಅವರ ಕಣ್ಣು ಅಲ್ಲಿರುತ್ತದೆ. ಇಂಥವರನ್ನು ನೆನೆಯಬೇಕು ಅನ್ನುವ ನಿಮ್ಮ ಮನಸ್ಸು ನನಗೆ ತುಂಬಾ ಹಿಡಿಸಿತು.

ಆದರೆ ಶಾಲಿಗಿಂತ ಮೊದಲು ಒಂದು ಕಾಗದ ಬರೆಯಿರಿ ಅನ್ನುವುದು ನನ್ನ ಸಲಹೆ. ಸನ್ಮಾನದ ವೇದಿಕೆಗೆ ಬಂದು ಕೂರುವವರು ಸಾಮಾನ್ಯವಾಗಿ ಮೇಲಿನ ಅಧಿಕಾರಿಗಳು. ಘಾಟಿಯಲ್ಲಿ ನೆನೆದವರು ಆ ಹೊತ್ತಿಗೆ ಇನ್ನೊಂದು ಡ್ಯೂಟಿಯಲ್ಲಿರುತ್ತಾರೆ. ಜಿಲ್ಲಾ ಎಸ್‌ಪಿಯವರಿಗೆ ಪತ್ರ ಬರೆದು ದಿನಾಂಕ, ಹೊತ್ತು, ಜಾಗ, ಆ ಇಬ್ಬರ ಹೆಸರು, ಅವರು ಏನು ಮಾಡಿದರು ಅಂತ ಬಿಡಿಸಿ ಹೇಳಿ. ಇಲಾಖೆಯಲ್ಲಿ ಪ್ರಶಂಸನಾ ಪತ್ರ, ನಗದು ಬಹುಮಾನ ಕೊಡುವ ಪದ್ಧತಿ ಇದೆ. ಅದು ಸೇವಾ ದಾಖಲೆಗೂ ಸೇರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಮೇಲಿನವರು ಕರೆದು ‘ನಿಮ್ಮ ಬಗ್ಗೆ ಪತ್ರ ಬಂದಿದೆ’ ಅಂದರೆ ಬೈಸಿಕೊಂಡೇ ಅಭ್ಯಾಸವಾದ ಕಾನ್‌ಸ್ಟೆಬಲ್‌ಗೆ ಅದು ಎಂಥ ಸಂತೋಷ! ಕಾಫಿಪುಡಿ, ಮೆಣಸಿನ ಚೀಲ ಮಾತ್ರ ಠಾಣೆಗೆ ಕಳಿಸಬೇಡಿ. ಪ್ರೀತಿಯಿಂದ ಕೊಟ್ಟದ್ದೂ ಅವರಿಗೆ ತೊಂದರೆಯಾಗಬಹುದು.

ಇನ್ನೊಂದು ಮಾತು. ನನಗೆ ಬಹಳ ದಿನದಿಂದ ಮನಸ್ಸಿನಲ್ಲಿರುವುದು ಇದೇ.

ಪೊಲೀಸರು ಸ್ಥಳದಲ್ಲೇ ಕಂಡದ್ದನ್ನು, ಸಿಕ್ಕಿದ್ದನ್ನು ಬರೆದಿಡುವ ಮಹಜರಿಗೆ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ಬನ್ನಿ ಎಂದರೆ ನಮ್ಮ ಕಡೆ ಯಾರೂ ಸಿಗುವುದಿಲ್ಲ. ಕುಯ್ಲಿನ ಕಾಲದಲ್ಲಿ ಕಣದಿಂದ ಕಾಫಿ ಚೀಲ ಕಳುವಾಯಿತು ಅಂತ ಇಟ್ಟುಕೊಳ್ಳಿ. ಪೊಲೀಸರು ನಿದ್ದೆಗೆಟ್ಟು ಚೀಲ ಪತ್ತೆ ಮಾಡುತ್ತಾರೆ. ಅದನ್ನು ವಶಕ್ಕೆ ತೆಗೆದುಕೊಳ್ಳುವಾಗ ಪಂಚರ ಎದುರು ಮಹಜರು ಆಗಬೇಕು. ಆಗ ಒಬ್ಬರಿಗೆ ತೋಟದಲ್ಲಿ ಕೆಲಸ, ಇನ್ನೊಬ್ಬರಿಗೆ ಮದುವೆಗೆ ಹೊರಡಬೇಕು. ಹೇಗೋ ಇಬ್ಬರು ಸಹಿ ಹಾಕಿದರು ಅನ್ನಿ. ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಎಷ್ಟೋ ದಿನ ಆಗಿರುತ್ತದೆ. ಸಾಕ್ಷಿಕಟ್ಟೆಗೆ ಹೋಗಿ ‘ಪೊಲೀಸರು ಹೇಳಿದರು, ಸಹಿ ಹಾಕಿದೆ, ನನಗೇನೂ ಗೊತ್ತಿಲ್ಲ’ ಅಂದುಬಿಡುತ್ತಾರೆ. ಕೇಸು ಅಲ್ಲಿಗೆ ಸಡಿಲವಾಯಿತು. ಆಮೇಲೆ ಊರ ಕಟ್ಟೆಯಲ್ಲಿ ಕೂತು ‘ಪೊಲೀಸರು ದುಡ್ಡು ತಿಂದು ಬಿಟ್ಟರು’ ಅಂತ ಮಾತಾಡುವವರೂ ನಾವೇ. ಕಂಡದ್ದನ್ನು ಕಂಡ ಹಾಗೆ ಹೇಳುವ ಇಬ್ಬರು ಊರಲ್ಲಿದ್ದರೆ ಠಾಣೆಯ ಅರ್ಧ ಭಾರ ಇಳಿಯುತ್ತದೆ. ಓದದೆ ಸಹಿ ಹಾಕಬೇಡಿ. ಕಾಣದ್ದಕ್ಕೆ ಹಾಕಿ ಅಂದರೂ ಹಾಕಬೇಡಿ. ಕಂಡಿದ್ದರೆ ಹಿಂದೆ ಸರಿಯಬೇಡಿ.

ಅಪಘಾತದಲ್ಲೂ ಹೀಗೇ. ಪೊಲೀಸ್ ಕೇಸಾಗುತ್ತದೆ ಅಂತ ಗಾಯಾಳುವನ್ನು ಬಿಟ್ಟು ಹೋಗುವವರಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯ ಪ್ರಕಾರ, ಸಹಾಯ ಮಾಡಿದವರು ತಮ್ಮ ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. 112ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಗಾಯಾಳುವಿನ ಜೊತೆ ಇರಿ.

ಹಾಗೆಯೇ ಮಗ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ ಪುಢಾರಿಗಳಿಂದ ಫೋನ್ ಮಾಡಿಸಬೇಡಿ. ದಂಡ ಕಟ್ಟಿ.

ನಿಮ್ಮೂರಿನವರು ಸೇರಿ ಮಾಡಬಹುದಾದ ದೊಡ್ಡ ಕೆಲಸವೊಂದಿದೆ. ಚೆಕ್‌ಪೋಸ್ಟ್ ಆಗಲಿ, ಜಾತ್ರೆ ಬಂದೋಬಸ್ತ್ ಆಗಲಿ, ಈಗ ಮಹಿಳಾ ಪೊಲೀಸರೂ ದಿನವಿಡೀ ನಿಂತಿರುತ್ತಾರೆ. ಹತ್ತಿರದಲ್ಲಿ ಶೌಚಾಲಯ ಇಲ್ಲ ಅಂತ ನೀರು ಕುಡಿಯದೆ ಇರುವವರ ಕಷ್ಟ ಯೋಚಿಸಿ. ಪಂಚಾಯಿತಿಗೆ, ಶಾಸಕರಿಗೆ ಮನವಿ ಕೊಡಿ. ಒಂದು ಶೌಚಾಲಯ, ಸೋರದ ಒಂದು ಸೂರು. ಶಿಸ್ತಿನ ಇಲಾಖೆಯವರು ಇದನ್ನು ಬಾಯಿ ಬಿಟ್ಟು ಕೇಳುವುದು ಕಷ್ಟ, ನಾವು ಕೇಳಬಹುದು. ಆ ಮನವಿಯ ಪ್ರತಿ ನಮಗೂ ಕಳಿಸಿ. ಅದನ್ನು ಪ್ರಕಟಿಸಿ, ಏನಾಯಿತು ಅಂತ ವಿಚಾರಿಸುತ್ತಲೇ ಇರುತ್ತೇವೆ.

ಇಷ್ಟಾದ ಮೇಲೆ ಸನ್ಮಾನವೂ ಆಗಲಿ, ಬೇಡ ಅನ್ನುವುದಿಲ್ಲ. ಡಿಸೆಂಬರ್ ಮಾತ್ರ ಬೇಡ, ದತ್ತ ಜಯಂತಿಯ ಬಂದೋಬಸ್ತಿನಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ. ಏಪ್ರಿಲ್ 2 ರಾಜ್ಯದಲ್ಲಿ ಪೊಲೀಸ್ ಧ್ವಜ ದಿನ. 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು ಅದೇ ದಿನ. ಅದರ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಅವರ ವಾರದ ರಜೆ ಯಾವತ್ತು ಅಂತ ಮೊದಲೇ ಕೇಳಿ, ಆ ದಿನ ಬಿಟ್ಟು ಬೇರೆ ದಿನ ನೋಡಿ. ಅಧಿಕಾರಿಗಳ ಒಪ್ಪಿಗೆ ಪಡೆದು ಠಾಣೆಯ ಅಂಗಳದಲ್ಲೇ ಅರ್ಧ ಗಂಟೆ ಸಾಕು. ಅವರ ಮನೆಯವರನ್ನೂ ಕರೆಯಿರಿ, ನಿಮ್ಮ ಅಮ್ಮನನ್ನೂ ಕರೆದುಕೊಂಡು ಹೋಗಿ. ಆ ಇಬ್ಬರೂ ಒಪ್ಪಿದರೆ ಹೆಸರು, ಫೋಟೊ ಕಳಿಸಿ. ಮುಖಪುಟದಲ್ಲೇ ಹಾಕುತ್ತೇವೆ.